ಬಸಕ್ಕನ ಬಾಯಾರಿಕೆ

ಓಮದ ಹೊಗೆ ಮೂಗಿಗೆ ಬಿದ್ದರೆ ನನಗೆ ಇವತ್ತಿಗೂ ವಾಂತಿ ಬರುತ್ತದೆ. ಹೋದ ತಿಂಗಳು ಮೊಮ್ಮಗನ ಹೆಂಡತಿ ಹೆತ್ತಿದ್ದಾಳೆಂದು ಸವಳಂಗಕ್ಕೆ ಹೋಗಿದ್ದೆ. ಅವಳ ತಾಯಿ ಕಿಟಕಿ ಮುಚ್ಚಿ, ಕೆಂಡದ ಮೇಲೆ ಓಮ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ, "ಬಾಣಂತಿ ಕೋಣೆ ಹೆಂಗೆ ಘಮ್ ಅಂತೈತೆ ನೋಡ್ರಿ ಅಜ್ಜಿ" ಅಂದಳು. ನಾನು ಕೂಸಿನ ಮುಖವನ್ನೂ ಸರಿಯಾಗಿ ನೋಡದೆ ಹೊರಗೆ ಬಂದು ಚರಂಡಿ ಹತ್ತಿರ ಕಕ್ಕಿದೆ. ವಯಸ್ಸಾಯಿತು, ಬಸ್ಸು ಹತ್ತಿ ಬಂದಿದ್ದಾಳೆ, ಪಿತ್ತ ಕೆರಳಿದೆ ಅಂದುಕೊಂಡರು. ಪಿತ್ತವಲ್ಲ. ಬಾಣಂತಿ ಕೋಣೆ ಎಂದರೆ ಎಲ್ಲರಿಗೂ ಮಂಗಳ, ನನಗೆ ಹೇಸಿಗೆ. ಯಾಕೆಂದು ಯಾರಿಗೂ ಹೇಳಿಲ್ಲ. ಈಗ ಬರೆದಿಡುತ್ತೇನೆ.

ನನ್ನ ತವರು ಚನ್ನಗಿರಿ ಕಡೆಯ ನಲ್ಲೂರು. ಅಲ್ಲಿ ನೀರಿಗೆ ಯಾರೂ ಲೆಕ್ಕ ಇಟ್ಟವರಲ್ಲ. ಹದಿನಾಲ್ಕು ತುಂಬುವ ಮೊದಲೇ ನನ್ನನ್ನು ಜಗಳೂರಿನ ಆಚೆಯ ಒಂದು ಹಳ್ಳಿಗೆ ಕೊಟ್ಟರು. ಮನೆಯಲ್ಲಿ ಅತ್ತೆ ಕೊಟ್ರಮ್ಮ, ಮಾವ, ಎರಡು ಎತ್ತು, ಒಂದು ಎಮ್ಮೆ. ಗಂಡ ಎಂಬವನೂ ಇದ್ದ, ಈ ಮಾತಿನಲ್ಲಿ ಅವನಿಗೆ ಕೆಲಸವಿಲ್ಲ.

ನಾನು ಹೇಳುವುದು ಅಲ್ಲಿಗೆ ಹೋದ ಎರಡನೆಯ ಬೇಸಿಗೆ. ದೂರ ಎಲ್ಲೋ ಯುದ್ಧ ನಡೆಯುತ್ತಿತ್ತು. ನಮಗೆ ಅದು ಗೊತ್ತಾದದ್ದು ಸೀಮೆಎಣ್ಣೆ ಸಿಗದೆ ಹೋದಾಗ, ಕಣದ ಜೋಳಕ್ಕೆ ಲೆವಿ ಎಂದು ಸರ್ಕಾರದವರು ಪಾಲು ಕೇಳಲು ಬಂದಾಗ. ಉಳಿದ ಜೋಳದಲ್ಲಿ ಗಂಡಸರು ಉಂಡು, ಅತ್ತೆ ಉಂಡು, ಕೊನೆಗೆ ನಾನು ಗಡಿಗೆ ಕೆರೆಯುತ್ತಿದ್ದೆ. ಮಳೆ ಹಿಂದಿನ ವರ್ಷವೇ ಕೈಕೊಟ್ಟಿತ್ತು. ಊರಿಗೆಲ್ಲ ಇದ್ದದ್ದು ಒಂದು ಪಾವಟಿಗೆ ಬಾವಿ. ಅರವತ್ತು ಮೆಟ್ಟಿಲು ಇಳಿದು, ತಳದಲ್ಲಿ ಮೊಣಕಾಲುದ್ದ ನಿಂತ ನೀರಿಗೆ ಕಾಲಿಟ್ಟು, ಚಿಪ್ಪಿನಲ್ಲಿ ಮೊಗೆದು ಕೊಡ ತುಂಬಬೇಕು. ಹುಣ್ಣಿನ ಕಾಲು, ಕೆಸರಿನ ಕಾಲು ಎಲ್ಲವೂ ಅದೇ ನೀರಿಗೆ. ಅದನ್ನೇ ಕುಡಿಯುವುದು. ಅದರಿಂದ ನಾರುಹುಣ್ಣು ಬರುತ್ತದೆಂದು ಆಗ ನಮಗೆ ಗೊತ್ತಿರಲಿಲ್ಲ. ಆ ವರ್ಷ ನನ್ನ ಹಿಮ್ಮಡಿಯಿಂದ ಬಿಳಿ ದಾರದಂಥ ಹುಳು ತಲೆ ಹೊರಹಾಕಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದು ಬೆರಳಷ್ಟು ಎಳೆಯುತ್ತ, ಕುಂಟುತ್ತ, ಅದೇ ಕಾಲನ್ನು ಅದೇ ನೀರಿಗೆ ಇಳಿಸುತ್ತಿದ್ದೆ. ನನ್ನ ಹಿಂದೆ ನಿಂತವಳು ಮೊಗೆದುಕೊಳ್ಳುತ್ತಿದ್ದಳು.

ಆ ಬೇಸಿಗೆಗೆ ನಾದಿನಿ ಬಸಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವಳನ್ನು ಕೊಟ್ಟಿದ್ದು ಹೊನ್ನಾಳಿಗೆ, ಹೊಳೆ ದಡದ ಮನೆಗೆ. ನನಗಿಂತ ಎರಡು ವರ್ಷ ದೊಡ್ಡವಳು. ದಪ್ಪ ತುಟಿ, ಗಟ್ಟಿ ಗಂಟಲು, ಯಾರನ್ನೂ ಬಿಡದ ಬಾಯಿ. ಬಂದ ದಿನವೇ ಬಾವಿಯ ನೀರು ನೋಡಿ, "ನಮ್ಮೂರಾಗೆ ಎಮ್ಮೆ ಮೈ ತೊಳದ ನೀರೂ ಇದಕ್ಕಿಂತ ತಿಳಿಯಾಗಿರ್ತೈತೆ ಕಣೆ" ಅಂದಳು.

"ಹಂಗಾರೆ ಹೊಳೇನ ಸೆರಗಿಗೆ ಕಟ್ಕೊಂಡು ಬರಬೇಕಿತ್ತು" ಅಂದೆ.

"ತರ್ತಿದ್ದೆ, ನಿನ್ನ ಗಂಡ ಗಾಡಿ ಸಣ್ಣದು ಕಳಿಸಿದ್ದ."

ಆ ಮನೆಯಲ್ಲಿ ನನ್ನ ಜೊತೆ ನಕ್ಕವಳು ಅವಳೊಬ್ಬಳೇ.

ಅವಳಿಗೆ ಹಸಿವು ಬಹಳ. ಅತ್ತೆ ಎರಡನೇ ರೊಟ್ಟಿ ಹಾಕುತ್ತಿರಲಿಲ್ಲ. ಇಲ್ಲದ್ದಕ್ಕಲ್ಲ, ಮಗಳಿಗೆಂದು ತಾನು ಉಪವಾಸ ಬೀಳುವ ಹೆಂಗಸು ಅದು. "ಜಾಸ್ತಿ ಉಂಡ್ರೆ ಕೂಸು ದಪ್ಪ ಆಗ್ತೈತೆ, ಹೆರಾಕೆ ಕಷ್ಟ" ಎಂಬುದು ಅವರ ಲೆಕ್ಕ. ಮೆಟ್ಟಿಲು ಹತ್ತಿಳಿದರೆ ಹೆರಿಗೆ ಸಲೀಸು ಎಂಬುದು ಇನ್ನೊಂದು. ಹಾಗಾಗಿ ಬಸಕ್ಕ ಹೊಟ್ಟೆ ಹೊತ್ತುಕೊಂಡು ಹೆರುವ ಹಿಂದಿನ ದಿನದವರೆಗೂ ಆ ಅರವತ್ತು ಮೆಟ್ಟಿಲು ಇಳಿದು ಹತ್ತಿದಳು. ನಡುವೆ ಕೂತು ಏದುಸಿರು ಬಿಡುವಾಗ ಅವಳ ಕಣ್ಣ ರೆಪ್ಪೆಯ ಒಳಗೆ ನೋಡಿದ್ದೇನೆ. ರಕ್ತವೇ ಇಲ್ಲದೆ, ಸುಣ್ಣ ಬಳಿದ ಗೋಡೆ.

ಹೆರಿಗೆ ಮಾಡಿಸಿದವಳು ಊರಿನ ಸೂಲಗಿತ್ತಿ ಇಮಾಂಬಿ. ಗಂಡ ಹತ್ತಿ ಬಡಿಯುವ ಕೆಲಸದವನು, ಇವಳ ಕೈ ಮೃದು ಎಂದು ಎಲ್ಲ ಮನೆಯವರೂ ಕರೆಯುತ್ತಿದ್ದರು. ಕಾಳು, ಕುಳ್ಳು ತುಂಬಿಡುತ್ತಿದ್ದ ಹಿಂದಿನ ಕೋಣೆಯನ್ನು ತೆರವು ಮಾಡಿ ಬಸಕ್ಕನನ್ನು ಮಲಗಿಸಿದ್ದೆವು. ಬೆಳಗ್ಗೆ ನೋವು ಶುರುವಾಗಿ ಮಧ್ಯಾಹ್ನಕ್ಕೆ ಗಂಡು ಕೂಸು ಬಂತು. ಚೆನ್ನಾಗಿಯೇ ಅತ್ತಿತು. ಅತ್ತೆ ಮೊದಲ ಹಳದಿ ಹಾಲನ್ನು ಕೆಟ್ಟದ್ದೆಂದು ಗೋಡೆಗೆ ಹಿಂಡಿಸಿದರು. ಆ ಹಾಲು ಗೋಡೆಯ ಮೇಲೆ ಇಳಿಯುತ್ತಿರುವಾಗ ಕೂಸಿನ ಬಾಯಿಗೆ ಬೆಲ್ಲದ ನೀರಲ್ಲಿ ಅದ್ದಿದ ಬಟ್ಟೆ ಇಟ್ಟರು.

ಬಸಕ್ಕ, "ಅವ್ವಾ, ನಂಗೂ ಒಂದು ಚೊಂಬು ನೀರು ಕೊಡು" ಅಂದಳು.

"ಒಂಬತ್ತು ದಿನ ನೀರಿನ ಹೆಸರೆತ್ತಬ್ಯಾಡ."

ಇದೇ ಆ ಸೀಮೆಯ ಕಟ್ಟಳೆ. ಹೆತ್ತ ಹೊಟ್ಟೆಯ ಒಳಗೆಲ್ಲ ಹಸಿ ಗಾಯ, ನೀರು ಬಿದ್ದರೆ ಕೀವಾಗುತ್ತದೆ, ಹೊಟ್ಟೆ ಊದುತ್ತದೆ, ಸನ್ನಿ ಹಿಡಿಯುತ್ತದೆ. ಒಂಬತ್ತು ದಿನ ಬೆಳಗ್ಗೆ ಅರ್ಧ ಬಟ್ಟಲು, ಸಂಜೆ ಅರ್ಧ ಬಟ್ಟಲು ಮೆಣಸಿನ ಕಷಾಯ. ತಿನ್ನಲು ಒಣ ಅನ್ನ, ಬೆಳ್ಳುಳ್ಳಿ, ಕರಿಮೆಣಸಿನ ಪುಡಿ. ಮಂಚದ ಕೆಳಗೆ ಕೆಂಡ. ಕಿಟಕಿಗೆ ಗೋಣಿಚೀಲ. ಹೊರಗೆ ಹೆಂಚು ಮುಟ್ಟಿದರೆ ಕೈ ಸುಡುವ ಬಿಸಿಲು, ಒಳಗೆ ಓಮದ ಹೊಗೆ, ಹಾಲು, ರಕ್ತ, ಬೆವರು, ಕೂಸಿನ ಹೇಲು, ಎಲ್ಲ ಸೇರಿ ಒಂದು ವಾಸನೆ. ಅದನ್ನು ಘಮ ಅನ್ನುತ್ತಾರೆ.

ಅತ್ತೆ ಕೆಟ್ಟವರಲ್ಲ. ಮಗಳಿಗೆಂದು ತಿಂಗಳಿಂದ ತುಪ್ಪ ಕೂಡಿಟ್ಟಿದ್ದರು. ಬಂದವರಿಗೆಲ್ಲ, "ನಾನು ಆರು ಹೆತ್ತೀನಿ, ಒಂದು ದಿನ ನೀರು ಕೇಳಿಲ್ಲ" ಅನ್ನುತ್ತಿದ್ದರು. ಆರರಲ್ಲಿ ಉಳಿದದ್ದು ಎರಡು, ನನ್ನ ಗಂಡ ಮತ್ತು ಬಸಕ್ಕ. ಮಿಕ್ಕ ನಾಲ್ಕು ಎಲ್ಲಿ ಹೋದವೆಂದು ಯಾರೂ ಕೇಳಲಿಲ್ಲ, ಅವರೂ ಕೇಳಿಕೊಂಡಿರಲಿಲ್ಲ.

ನನಗೆ ಕೊಟ್ಟ ಕೆಲಸ ಬಾಗಿಲು ಕಾಯುವುದು. ಬಾಣಂತಿ ಹೊರಗೆ ಬರಬಾರದು, ನೀರು ಒಳಗೆ ಹೋಗಬಾರದು. ಅತ್ತೆ ಬಾವಿಗೆ ಹೋದಾಗಲೆಲ್ಲ ನಾನು ಹೊಸ್ತಿಲ ಮೇಲೆ ಕೂರಬೇಕು.

ಮೂರನೇ ದಿನ ಎಮ್ಮೆ ಈದಿತು. ಕೊಟ್ಟಿಗೆ ಇದ್ದದ್ದು ಬಾಣಂತಿ ಕೋಣೆಯ ಗೋಡೆಯ ಆಚೆಗೆ. ಮಾವ ತಾವೇ ನಿಂತು, ಒಂದು ಹಂಡೆ ನೀರು ಉಗುರು ಬೆಚ್ಚಗೆ ಕಾಯಿಸಿ, ಬೆಲ್ಲ ಹಾಕಿ, ಸಜ್ಜೆ ಹಿಟ್ಟು ಕದಡಿ ಎಮ್ಮೆಗೆ ಕುಡಿಸಿದರು. ಅದು ಮುಗಿದರೆ ಇನ್ನೊಂದು. "ಈದ ದನಕ್ಕೆ ದಾಹ ಜಾಸ್ತಿ, ನೀರು ಕುಡೀದಿದ್ರೆ ಹಾಲು ಇಳಿಯಲ್ಲ" ಎಂದು ನನಗೆ ಹೇಳಿದರು. ದೊಡ್ಡ ವಿದ್ಯೆ ಹೇಳಿಕೊಟ್ಟವರ ಹಾಗೆ. ನಾನೂ ತಲೆ ಆಡಿಸಿದೆ. ಗೋಡೆಯ ಈಚೆಗೆ ಅವರ ಮಗಳು ಒಣಗುತ್ತಿದ್ದಳು. ಅವರಿಗೂ ಹೊಳೆಯಲಿಲ್ಲ, ನನಗೂ ಆಗ ಹೊಳೆಯಲಿಲ್ಲ.

ಹೊಳೆದದ್ದು ಬಸಕ್ಕನಿಗೆ. ಎಮ್ಮೆ ಸೊರ್ ಸೊರ್ ಎಂದು ಕುಡಿಯುವ ಸದ್ದು ಕೇಳುತ್ತ ಮಲಗಿದ್ದವಳು ನನ್ನನ್ನು ಕರೆದಳು. ತುಟಿ ಬಿರಿದು ಕಪ್ಪಾಗಿತ್ತು.

"ಅಪ್ಪಯ್ಯಗೆ ಹೇಳೇ, ನಾನೂ ಈದಿದೀನಿ ಅಂತ."

"ಸುಮ್ನಿರು ಬಸಕ್ಕ, ನಗಿಸಬ್ಯಾಡ."

"ನಗು ಬರಾಕೆ ನಾನು ಹೇಳಿಲ್ಲ. ಒಂದು ಗುಟುಕು ಕೊಡೇ. ನಾಲಗೆ ಮ್ಯಾಲಿನ ಅಂಗಳಕ್ಕೆ ಅಂಟ್ಕೊಂತೈತೆ. ಯಾರಿಗೆ ಗೊತ್ತಾಗ್ತೈತೆ."

"ಅತ್ತೆ ಬ್ಯಾಡ ಅಂದಾರೆ."

"ಅವ್ವ ಬಾವಿಗೆ ಹೋಗ್ಯಾಳೆ."

"ನಿಂಗೆ ಏನಾರ ಆದ್ರೆ ನನ್ನ ಮ್ಯಾಲೆ ಬರ್ತೈತೆ."

ಅವಳು ಗೋಡೆಗೆ ಮುಖ ತಿರುಗಿಸಿಕೊಂಡಳು.

ನಾಲ್ಕನೇ ದಿನಕ್ಕೆ ಎದೆಯಲ್ಲಿ ಹಾಲಿಲ್ಲ. ಕೂಸು ಕಚ್ಚಿ ಎಳೆದು ಎಳೆದು ಸೋತು ಬಿಡುತ್ತಿತ್ತು. ಮೊದಲು ಕಿರುಚುತ್ತಿತ್ತು, ಆಮೇಲೆ ಬೆಕ್ಕಿನ ಮರಿಯ ಹಾಗೆ ಕುಂಯ್‌ಗುಟ್ಟಿತು. ನೆತ್ತಿಯ ಮೆತ್ತಗಿನ ಜಾಗ ತಗ್ಗು ಬಿದ್ದಿತ್ತು. ಕೂಸಿಗೆ ಎಣ್ಣೆ ನೀರು ಹಾಕಲು ಬಂದ ಇಮಾಂಬಿ ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಕೊಟ್ರಮ್ಮ, ಹುಡುಗಿಗೆ ಜೀರಿಗೆ ಹಾಕಿ ಕುದಿಸಿದ ನೀರು ಕೊಡ್ರಿ. ನಮ್ಮನ್ಯಾಗೆ ಕೊಡ್ತೀವಿ. ಏನೂ ಆಗಲ್ಲ."

"ನಿಮ್ಮನೆ ಪದ್ಧತಿ ನಿಮ್ಮನ್ಯಾಗೆ ಇಟ್ಕ ಇಮಾಂಬಿ. ಕೂಸು ಹಿಡಿಯಾಕೆ ಕರೆದೀನಿ, ಬುದ್ಧಿ ಹೇಳಾಕಲ್ಲ."

ಇಮಾಂಬಿ ಮತ್ತೆ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟ ಸೂಲಗಿತ್ತಿಯನ್ನು ಮುಂದಿನ ಹೆರಿಗೆಗೆ ಯಾರು ಕರೆಯುತ್ತಾರೆ. ಅತ್ತೆ ಹಾಲು ಬರಲೆಂದು ಇನ್ನೂ ನಾಲ್ಕು ಬೆಳ್ಳುಳ್ಳಿ ಸುಟ್ಟು ತಿನ್ನಿಸಿದರು. ಕೆಂಡಕ್ಕೆ ಇನ್ನೊಂದು ಹಿಡಿ ಓಮ ಬಿತ್ತು.

ಐದನೇ ದಿನ ಮಧ್ಯಾಹ್ನ. ಅತ್ತೆ ಬಾವಿಯಲ್ಲಿ ಸರದಿಗೆ ಕೂತಿದ್ದರು. ನಾನು ಹೊಸ್ತಿಲು ಬಿಟ್ಟು, ಹಿಮ್ಮಡಿಯ ಹುಳುವಿನ ಕಡ್ಡಿ ಬಿಗಿಯಲು ನೆರಳಿಗೆ ಹೋಗಿದ್ದೆ. ಬಂದು ನೋಡಿದರೆ ಕೋಣೆಯಲ್ಲಿ ಕೂಸು ಮಾತ್ರ ಇತ್ತು. ಹಿತ್ತಲಿಗೆ ಓಡಿದೆ. ಕೊಟ್ಟಿಗೆಯಲ್ಲಿ ಕಲಗಚ್ಚಿನ ಬಾನಿಯ ಮುಂದೆ ಬಸಕ್ಕ ಮಂಡಿಯೂರಿ ಕೂತಿದ್ದಳು. ಪಾತ್ರೆ ತೊಳೆದ ನೀರು, ಹಳಸಿದ ಅಂಬಲಿ, ತೌಡು ಹಾಕುವ ಬಾನಿ ಅದು. ಅದಕ್ಕೆ ಮುಖವಿಟ್ಟು, ಎರಡು ಕೈಯನ್ನೂ ಅಂಚಿಗೆ ಊರಿ, ಕುಡಿಯುತ್ತಿದ್ದಳು. ಎಮ್ಮೆ ಪಕ್ಕದಲ್ಲಿ ನಿಂತು ಅವಳನ್ನೇ ನೋಡುತ್ತಿತ್ತು. ನೊಣಗಳು ಅವಳ ಬೆನ್ನ ಮೇಲೆ, ಬಾನಿಯ ಮೇಲೆ.

ತಲೆ ಎತ್ತಿದಳು. ಗಲ್ಲಕ್ಕೆ ತೌಡು ಮೆತ್ತಿತ್ತು.

"ಹೇಳ್ತಿಯೇನು?"

"ಇಲ್ಲ."

"ಹಂಗಾರೆ ಅತ್ಲಾಗೆ ತಿರುಗಿ ನಿಂತ್ಕ."

ತಿರುಗಿ ನಿಂತೆ. ಹತ್ತು ಮಾರು ದೂರದಲ್ಲಿ ಅಡುಗೆ ಮನೆ. ಅಲ್ಲಿ ಒಲೆಯ ಮೇಲೆ ಬೆಳಗ್ಗೆ ಕುದಿಸಿದ ನೀರು ಮುಚ್ಚಿಟ್ಟಿತ್ತು. ಅವಳು ಕುಡಿದು ಮುಗಿಸುವವರೆಗೆ ನಿಂತಿದ್ದೆ.

ಆ ಸಂಜೆ ಹಾಲು ಇಳಿಯಿತು. ರವಿಕೆ ಒದ್ದೆಯಾಗುವಷ್ಟು. ಕೂಸು ಹೊಟ್ಟೆ ತುಂಬ ಕುಡಿದು ಮುಷ್ಟಿ ಸಡಿಲಿಸಿ ಮಲಗಿತು. ಅತ್ತೆ ಹಿಗ್ಗಿ ಬೀದಿಯವರಿಗೆಲ್ಲ ಹೇಳಿದರು, "ಬೆಳ್ಳುಳ್ಳಿ ಕೊಟ್ಟೆ ನೋಡ್ರಿ, ಹೆಂಗೆ ಹಾಲು ಬಂತು." ಬಸಕ್ಕ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಮಾರನೆಯ ದಿನವೂ ಬಾನಿಗೆ ಹೋದಳು. ನಾನು ತಿರುಗಿ ನಿಂತೆ. ಹಾಲು ಬಂತು.

ಏಳನೇ ದಿನ ಬೆಳಗ್ಗೆ ಭೇದಿ ಶುರುವಾಯಿತು. ಮಧ್ಯಾಹ್ನಕ್ಕೆ ಮೈ ಕೆಂಡ, ಹಲ್ಲು ಕಡಿಯುವ ಚಳಿ. ಭೇದಿಯಾಗುತ್ತಿರುವವಳಿಗೆ ಅರ್ಧ ಬಟ್ಟಲು ಕಷಾಯವನ್ನೂ ನಿಲ್ಲಿಸಿದರು. ಒಳಗೆ ಇದ್ದದ್ದೆಲ್ಲ ಹೋಗುತ್ತಿತ್ತು, ಹೊರಗಿನಿಂದ ಏನೂ ಬರುತ್ತಿರಲಿಲ್ಲ. ನಾನು ಬಟ್ಟೆಯಲ್ಲಿ ಬಳಿದು ಬಳಿದು ಹಾಕಿದೆ. ಎಂಟನೇ ದಿನ ಅವಳ ಕಣ್ಣು ಗುಳಿ ಬಿದ್ದು, ಕೈಯ ಚರ್ಮ ಚಿವುಟಿದರೆ ಚಿವುಟಿದ ಹಾಗೇ ನಿಲ್ಲುತ್ತಿತ್ತು. ಜ್ವರದ ಬಡಬಡಿಕೆಯಲ್ಲಿ, "ಅವ್ವಾ, ಎಮ್ಮೆ ನೀರು ಕುಡಿದೆ ಕಣವ್ವಾ, ಬಾನಿ ನೀರು" ಅಂದಳು. ನನ್ನ ಹೆಸರು ಹೇಳಲಿಲ್ಲ. ಜ್ವರದಲ್ಲೂ ಹೇಳಲಿಲ್ಲ.

ಒಂಬತ್ತನೇ ದಿನ, ಕಟ್ಟಳೆ ಮುಗಿಯುವ ದಿನ, ಹೊತ್ತು ಏರುವ ಮೊದಲೇ ಸತ್ತಳು. ಅತ್ತೆ ಎದೆ ಬಡಿದುಕೊಂಡು ಅತ್ತರು. ಬಂದವರಿಗೆಲ್ಲ ಒಂದೇ ಮಾತು. "ಕಣ್ಣು ತಪ್ಪಿಸಿ ನೀರು ಕುಡಿದ್ಲು. ನೀರೇ ಕೊಂದ್ಹಾಕ್ತು ನನ್ನ ಮಗಳನ್ನ." ಬಂದ ಹೆಂಗಸರು ಹೌದು ಹೌದು ಎಂದು ಮೂಗು ಒರೆಸಿಕೊಂಡರು. ಅವರಲ್ಲಿ ಬಸುರಿಯರೂ ಇದ್ದರು. ಅವರ ಮುಖದಲ್ಲಿ ನೀರಿನ ಭಯ ಕೂರುವುದನ್ನು ನಾನು ಕಣ್ಣಾರೆ ನೋಡಿದೆ. ನನ್ನ ಭಯ ಬೇರೆ ಇತ್ತು. ಬಾಯಿ ಮುಚ್ಚಿಕೊಂಡು ಒಲೆ ಉರಿ ಹಾಕಿದೆ.

ಕೂಸಿಗೆ ಎಮ್ಮೆ ಹಾಲಿನಲ್ಲಿ ಅದ್ದಿದ ಬತ್ತಿ ಇಟ್ಟರು. ಆ ಬತ್ತಿ ದಿನವೆಲ್ಲ ಬಟ್ಟಲಲ್ಲಿ ನೆನೆದು ಹುಳಿ ನಾರುತ್ತಿತ್ತು, ನೊಣ ಕೂತು ಏಳುತ್ತಿದ್ದವು. ಕೂಸಿನ ಹೊಟ್ಟೆ ಊದಿ, ಹಸಿರು ಹೇಲು ಹೋಗಿ, ತಾಯಿಯ ಹಿಂದೆ ಹನ್ನೊಂದು ದಿನಕ್ಕೆ ಅದೂ ಹೋಯಿತು. ಹೊನ್ನಾಳಿಯಿಂದ ಅವಳ ಗಂಡ ಬಂದ, ಉಂಡ, ಹೋದ. ಹೊಳೆಗೆ ಹೊಸ ನೀರು ಬರುವ ಮೊದಲೇ ಅವನಿಗೆ ಇನ್ನೊಂದು ಮದುವೆಯಾಯಿತು. ಆ ಹುಡುಗಿಗೂ ಬಾಣಂತನ ಬಂದಿರಬೇಕು.

ಆಮೇಲೆ ಮುಂಗಾರು ಹಿಡಿಯಿತು. ಮಳೆ ಹೇಗೆ ಬಂತೆಂದರೆ ಬಾವಿಯ ನೀರು ಇಪ್ಪತ್ತು ಮೆಟ್ಟಿಲು ನುಂಗಿ ಮೇಲೆ ಬಂತು. ಬಗ್ಗಿ ಮೊಗೆಯಬಹುದು, ಯಾರೂ ಕಾಲು ಇಳಿಸಿ ಸರದಿ ಕಾಯಬೇಕಿಲ್ಲ. ಆ ಮಳೆಯಲ್ಲೇ ಎದುರು ಮನೆಯ ಸಿದ್ದಮ್ಮನ ಸೊಸೆ ನಿಂಗಿ ಹೆತ್ತಳು. ನನ್ನ ಓರಗೆಯವಳು, ಬಾವಿಯಲ್ಲಿ ನನ್ನ ಹಿಂದೆ ನಿಲ್ಲುತ್ತಿದ್ದವಳು. ಸಿದ್ದಮ್ಮ ಬಾಗಿಲು ಕಾಯಲು ನಮ್ಮ ಅತ್ತೆಯನ್ನೇ ಕರೆದಳು. "ಮಗಳನ್ನ ಕಳಕೊಂಡೋರು, ನಿಮಗಿಂತ ಯಾರಿಗೆ ಗೊತ್ತಿರ್ತೈತೆ, ಬಂದು ಕೂರ್ರಿ." ಅತ್ತೆ ಹೋದರು. ಬಸಕ್ಕ ಸತ್ತಮೇಲೆ ಅವರು ಮನೆಯ ಹೊರಗೆ ಕಾಲಿಟ್ಟದ್ದು ಅದೇ ಮೊದಲು. ಆ ಕೆಲಸ ಅವರಿಗೆ ಒಂದು ಸಮಾಧಾನ ಆಗಿತ್ತೆಂದು ಈಗ ತಿಳಿಯುತ್ತದೆ. ಮಗಳನ್ನು ಉಳಿಸಲಿಲ್ಲ, ಬೇರೆಯವಳ ಮಗಳನ್ನು ಉಳಿಸುತ್ತೇನೆ ಎಂದು.

ನಾಲ್ಕನೇ ದಿನ ಅತ್ತೆಗೆ ಬುತ್ತಿ ಕೊಡಲು ಹೋದೆ. ಸೂರಿನಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು. ಅಂಗಳದ ತುಂಬ ನೀರು, ಹಿತ್ತಲ ತುಂಬ ನೀರು, ಬಾವಿ ತುಂಬ ನೀರು. ಅಲ್ಲಿಯವರೆಗೆ ನಾನು ಬರಗಾಲವೇ ಬಸಕ್ಕನನ್ನು ಕೊಂದಿತೆಂದು ಮನಸ್ಸಿಗೆ ಹೇಳಿಕೊಂಡಿದ್ದೆ. ಒಳಗೆ ಬಗ್ಗಿ ನೋಡಿದರೆ ಅದೇ ಗೋಣಿಚೀಲ, ಅದೇ ಕೆಂಡ, ಅದೇ ಓಮ. ನಿಂಗಿಯ ತುಟಿಯೂ ಹಾಗೆಯೇ ಬಿರಿದು ಕಪ್ಪಾಗಿತ್ತು. ಇಮಾಂಬಿ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ನೆಲ ನೋಡುತ್ತಿದ್ದಳು. ಕೂಸು ಬೆಕ್ಕಿನ ಮರಿಯ ಹಾಗೆ ಕುಂಯ್‌ಗುಡುತ್ತಿತ್ತು. ಆ ಸದ್ದು ಕೇಳಿ ನನಗೆ ದುಃಖ ಬರಲಿಲ್ಲ, ಹೇಸಿಗೆ ಬಂತು. ಅವರ ಮೇಲೆ, ನನ್ನ ಮೇಲೆ.

ಬುತ್ತಿ ಕೆಳಗಿಟ್ಟು ಸಿದ್ದಮ್ಮನ ಅಡುಗೆ ಮನೆಗೆ ಹೋದೆ. ಒಲೆಯ ಮೇಲಿದ್ದ ಕುದಿದ ನೀರನ್ನು ಚೊಂಬಿಗೆ ಬಗ್ಗಿಸಿ ಆರಿಸಿಕೊಂಡು ಬಂದೆ. ಬಾಗಿಲಲ್ಲಿ ಅತ್ತೆ ನನ್ನ ಮುಂಗೈ ಹಿಡಿದರು.

"ಏನೇ ಅದು?"

"ನೀರು."

"ಯಾರಿಗೆ?"

"ನಿಂಗಿಗೆ."

"ತಲೆ ನೆಟ್ಟಗೈತೇನೆ ನಿಂಗೆ? ನನ್ನ ಮಗಳು ನೀರು ಕುಡಿದು ಸತ್ತು ಇನ್ನೂ ಮೂರು ತಿಂಗಳು ತುಂಬಿಲ್ಲ."

ಸಿದ್ದಮ್ಮ ಓಡಿ ಬಂದು ನಿಂತಳು. ಇಮಾಂಬಿ ತಲೆ ಎತ್ತಿದಳು. ನಾನು ಚೊಂಬು ಬಿಡಲಿಲ್ಲ. ಹೇಳಿದೆ.

"ನೀರು ಕುಡಿದ ದಿನ ಬಸಕ್ಕಗೆ ಹಾಲು ಬಂತು. ಬೆಳ್ಳುಳ್ಳಿಯಿಂದಲ್ಲ. ಐದನೇ ದಿನ ಮಧ್ಯಾಹ್ನ ಕುಡಿದ್ಲು, ಸಂಜಿಗೆ ಹಾಲು ಇಳೀತು. ಮರುದಿನ ಕುಡಿದ್ಲು, ಮತ್ತೆ ಬಂತು. ಕೊಂದಿದ್ದು ನೀರಲ್ಲ, ಬಾನಿ ಕೊಳಕು. ಇದು ಕುದಿಸಿದ್ದು. ಬಿಡ್ರಿ ಕೈ."

"ಐದನೇ ದಿನ ಅಂತ ನಿಂಗೆ ಹೆಂಗೆ ಗೊತ್ತು?"

"ನೋಡೀನಿ."

"ಎಲ್ಲಿ?"

"ಕೊಟ್ಟಿಗ್ಯಾಗೆ. ಅಲ್ಲೇ ನಿಂತಿದ್ದೆ."

ಅತ್ತೆ ನನ್ನ ಮುಖ ನೋಡಿದರು. ಬೈಯುತ್ತಾರೆ, ಹೊಡೆಯುತ್ತಾರೆ ಅಂದುಕೊಂಡೆ. ಅವರ ದನಿ ಕೆಳಗಿಳಿಯಿತು.

"ಒಲೆ ಮ್ಯಾಲೆ ಕುದಿಸಿದ ನೀರಿತ್ತಲ್ಲೇ ಅವತ್ತೂ. ಅದನ್ಯಾಕೆ ಕೊಡ್ಲಿಲ್ಲ ನೀನು?"

ಉತ್ತರ ನನಗೆ ಗೊತ್ತಿತ್ತು. ಒಲೆಯ ಮೇಲಿನದನ್ನು ಕೊಟ್ಟಿದ್ದರೆ ಕೊಟ್ಟವಳು ನಾನಾಗುತ್ತಿದ್ದೆ. ಬಾನಿಯಿಂದ ಕುಡಿದರೆ ಕುಡಿದವಳು ಅವಳು. ಹದಿನೈದು ವರ್ಷದ ಸೊಸೆಗೆ ಇಷ್ಟು ಲೆಕ್ಕ ಚೆನ್ನಾಗಿ ಬರುತ್ತಿತ್ತು. ಇದನ್ನು ಹೆತ್ತ ತಾಯಿಗೆ ಹೇಗೆ ಹೇಳುವುದು. ಹೇಳಲಿಲ್ಲ. ಅವತ್ತೂ ಹೇಳಲಿಲ್ಲ, ಅವರು ಸಾಯುವವರೆಗೂ ಹೇಳಲಿಲ್ಲ.

ಅತ್ತೆಯ ಕೈ ತಾನಾಗಿ ಸಡಿಲವಾಯಿತು. ಸಿದ್ದಮ್ಮ ಏನೋ ಅನ್ನಲು ಬಾಯಿ ತೆರೆದಳು. "ಕುಡೀಲಿ ಬಿಡು" ಅಂದರು ಅತ್ತೆ, ಅವಳ ಕಡೆ ನೋಡದೆ. ನಾನು ಒಳಗೆ ಹೋಗಿ ಚೊಂಬು ಕೊಟ್ಟೆ. ನಿಂಗಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಡದೆ ಕುಡಿದಳು. ಕೊರಳ ಮೇಲೆ, ಎದೆಯ ಮೇಲೆ ನೀರು ಇಳಿಯಿತು. ಖಾಲಿ ಚೊಂಬನ್ನು ನನ್ನ ಕಡೆ ಚಾಚಿ, "ಇನ್ನೊಂದು" ಅಂದಳು.

ಅತ್ತೆ ಹೊಸ್ತಿಲಲ್ಲೇ ಕಾಲು ಚಾಚಿ ಕೂತಿದ್ದರು. ಮಡಚಿಕೊಳ್ಳಲಿಲ್ಲ. ನಾನು ಆ ಕಾಲುಗಳನ್ನು ದಾಟಿಕೊಂಡು ನೀರು ತರಲು ಹೋದೆ.